ಹೆಬ್ಬೆಟ್ಟಿನ ಹಾಜರಿ

ಮೊದಲೆಲ್ಲ ಹೆಬ್ಬೆಟ್ಟು ಒತ್ತುವವರು ಅಕ್ಷರ ಬಾರದವರು, ಸಹಿ ಮಾಡುವವರು ಸಾಹೇಬರು. ಈಗ ಸಾಹೇಬರೇ ಬೆಳಿಗ್ಗೆ ಸಾಲಾಗಿ ನಿಂತು ಯಂತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಒತ್ತಿದ ಮೇಲೆ ಹೆಬ್ಬೆಟ್ಟು ಕಚೇರಿಯಲ್ಲಿ ಹಾಜರು. ಉಳಿದ ಒಂಬತ್ತು ಬೆರಳು ಚಹಾದಂಗಡಿಯಲ್ಲಿ.

ಕಾಗಿನೆಲೆಯಲ್ಲಿ ಚಹಾ ಕುಡಿಯುತ್ತ ಈ ಮಾತು ತೆಗೆದಾಗ, ಗುಮಾಸ್ತರಾಗಿ ನಿವೃತ್ತರಾದ ಕಾಕಾ ಒಬ್ಬರು ನಕ್ಕರು. “ಯಂತ್ರ ಬರೂಕಿಂತ ಮೊದಲ ನಾವೇನ್ ಕಡಿಮಿ ಇದ್ವೇನ್ರೀ? ಕುರ್ಚಿ ಮ್ಯಾಲೆ ಕೋಟು ಹಾಕಿ ಹೋದ್ರ ಮುಗೀತು. ಯಾರರ ಕೇಳಿದ್ರ ‘ಈಗ ಇಲ್ಲೇ ಇದ್ರಲ್ರೀ’ ಅಂತ ಬಾಜೂದಾಂವ ಹೇಳಾಂವ.” ಆ ಕೋಟು ಎಷ್ಟು ವರ್ಷ ಸೇವೆ ಸಲ್ಲಿಸಿತೋ ಏನೋ, ಪಿಂಚಣಿ ಮಾತ್ರ ಅದಕ್ಕೆ ಸಿಗಲಿಲ್ಲ.

ಕೋಟಿನ ವಂಶ ಇನ್ನೂ ಅಳಿದಿಲ್ಲ. ಮನೆಯಿಂದಲೇ ಕೆಲಸ ಮಾಡುವ ಹುಡುಗರು ಕಂಪ್ಯೂಟರಿನ ಮೌಸನ್ನು ತಾನೇ ಅಲುಗಾಡಿಸುವ ಸಾಧನ ಇಟ್ಟುಕೊಂಡಿರುತ್ತಾರಂತೆ. ಮೌಸ್ ದುಡಿಯುತ್ತದೆ, ಒಡೆಯ ಮಲಗುತ್ತಾನೆ. ಇನ್ನು ಕೆಲವರು ಮಲಗುವುದೇ ಇಲ್ಲ, ಎರಡು ಕಡೆ ದುಡಿಯುತ್ತಾರೆ. ಪ್ರತಿಸ್ಪರ್ಧಿ ಕಂಪನಿಗಳಿಗೂ ಕದ್ದು ಕೆಲಸ ಮಾಡುತ್ತಿದ್ದ 300 ಜನರನ್ನು ಮನೆಗೆ ಕಳಿಸಿದ್ದಾಗಿ ಬೆಂಗಳೂರಿನ ವಿಪ್ರೊ 2022ರಲ್ಲಿ ಹೇಳಿತ್ತು.

ಲೋಕಾಯುಕ್ತ ದಾಳಿಯ ಸುದ್ದಿ ಬಂದಾಗ ನಾವೆಲ್ಲ ಟಿವಿ ಮುಂದೆ ಕುಳಿತು ಹಲ್ಲು ಕಡಿಯುತ್ತೇವೆ. ಆದರೆ ಕಂತೆ ಕಂತೆ ನೋಟು ಬಚ್ಚಿಡುವವರು ಕೆಲವರು. ಮಗಳ ಶಾಲೆಯ ಪ್ರಾಜೆಕ್ಟಿಗೆ ಕಚೇರಿಯ ಹಾಳೆ ಒಯ್ಯುವವರು, ಹೋಗದ ಊರಿಗೆ ಟಿಎ ಬಿಲ್ ಬರೆಯುವವರು, ಅತ್ತೆಮನೆಯ ಜಾತ್ರೆಗೆ ಮೆಡಿಕಲ್ ಸರ್ಟಿಫಿಕೇಟ್ ತರುವವರು ಬಹಳ. ಇವರ್ಯಾರೂ ಕೆಟ್ಟವರಲ್ಲ, ಪಕ್ಕದ ಟೇಬಲ್ಲಿನವನನ್ನು ನೋಡಿ ಕಲಿತವರು, ಅಷ್ಟೆ.

ಇಂಥವರಿಗೆ ಉಪದೇಶ ನಾಟುವುದಿಲ್ಲ. ‘ಲಂಚ ಕೊಡುವುದೂ ಪಡೆಯುವುದೂ ಅಪರಾಧ’ ಎಂಬ ಫಲಕದ ಕೆಳಗೇ ಎರಡೂ ನಡೆದಿವೆ. ನಾಟುವುದು ವ್ಯವಸ್ಥೆ. ನಮ್ಮ ಕಡೆ ರೈತರು ಒಂದು ಪಹಣಿ ಉತಾರಕ್ಕಾಗಿ ಗ್ರಾಮ ಲೆಕ್ಕಿಗರ ಹಿಂದೆ ಚಪ್ಪಲಿ ಸವೆಸುತ್ತಿದ್ದರಲ್ಲ, ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಉತಾರಗಳನ್ನು ಕಂಪ್ಯೂಟರಿಗೆ ಹಾಕಿ ಹದಿನೈದು ರೂಪಾಯಿಗೆ ಕೈಗಿಟ್ಟಿತು. ಖಾತೆ ಬದಲಾವಣೆಯ ಅರ್ಜಿಗಳಿಗೂ ಸರದಿ ಬಂತು: ಮೊದಲು ಬಂದದ್ದು ಮೊದಲು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟವರು ಶೇ. 66, ಹೊಸ ಕಿಟಕಿಯಲ್ಲಿ ಶೇ. 3 ಎಂದು ಪಬ್ಲಿಕ್ ಅಫೇರ್ಸ್ ಸೆಂಟರಿನ ಸಮೀಕ್ಷೆ ಕಂಡುಕೊಂಡಿತು. ನೌಕರರ ಮನಸ್ಸು ರಾತ್ರೋರಾತ್ರಿ ಗಂಗಾಸ್ನಾನ ಮಾಡಿ ಬಂದಿರಲಿಲ್ಲ, ಕೈ ಚಾಚುವ ಜಾಗ ಇಲ್ಲದಂತಾಗಿತ್ತು. 2012ರಲ್ಲಿ ಬಂದ ‘ಸಕಾಲ’ ಯೋಜನೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಸೇವೆ ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ, ಐನೂರರವರೆಗೆ ಅರ್ಜಿದಾರನಿಗೆ ಪರಿಹಾರ ಎಂದಿತು.

ಇಷ್ಟು ಹೇಳಿದರೆ ಕಾಕಾ ಒಪ್ಪಬೇಕಲ್ಲ! “ಸಾಹೇಬ್ರ ಜೀಪು ಸಂತಿಗೆ ಹೋಗಿ ಕಾಯಿಪಲ್ಲೆ ತರೂದನ್ನ ನೋಡ್ಕೋತ ಕುಂತ ಜವಾನ, ಎರಡು ಪೆನ್ನು ಬಿಡ್ತಾನೇನ್ರೀ?” ಎಂದರು. ಯಂತ್ರಕ್ಕೆ ಸಿಗದ ಕೈಗಳು ಮೇಲಿನ ಕುರ್ಚಿಯಲ್ಲಿರುತ್ತವೆ ಎಂಬುದು ಅವರ ವಾದ. ನಾನು ಸುಮ್ಮನೆ ಇನ್ನೊಂದು ಚಹಾ ಹೇಳಿದೆ.

ಕನಕದಾಸರ ಗದ್ದುಗೆ ಇರುವ ಊರಿನಲ್ಲಿ ಮಾತು ಬಾಳೆಹಣ್ಣಿನ ಕಥೆಗೆ ಬರದೆ ಇರುತ್ತದೆಯೇ? ಯಾರೂ ಇಲ್ಲದ ಕಡೆ ತಿಂದು ಬನ್ನಿ ಎಂದು ವ್ಯಾಸರಾಯರು ಹಣ್ಣು ಕೊಟ್ಟರೆ, ದೇವರಿಲ್ಲದ ಜಾಗ ಸಿಗಲಿಲ್ಲವೆಂದು ಕನಕ ಮರಳಿ ತಂದರಂತೆ. ಎಲ್ಲರೂ ಕನಕನನ್ನು ಹೊಗಳುತ್ತೇವೆ. ನನಗೆ ಹೆಚ್ಚು ಕಾಣುವವರು ಬಾಗಿಲ ಸಂದಿ, ಕಂಬಳಿಯ ಮರೆ ಹುಡುಕಿ ತಿಂದುಬಂದ ಉಳಿದ ಶಿಷ್ಯರು, ಮತ್ತು ಗುರು. ಆ ಗುರು ಎಲ್ಲರೆದುರು ಕನಕನ ಬೆನ್ನು ತಟ್ಟಿದರು. ಉಳಿದವರು ಕಲಿತದ್ದಿದ್ದರೆ ಆ ಗಳಿಗೆಯಲ್ಲೇ ಕಲಿತಿರಬೇಕು.

ನಮ್ಮ ಕಚೇರಿಯಲ್ಲೂ ಹಣ್ಣನ್ನು ತಿನ್ನದೆ ತಂದಿಡುವವನೊಬ್ಬ ಇರುತ್ತಾನೆ. ‘ಅಂವಾ ಅಡ್ಜಸ್ಟ್ ಆಗೂದಿಲ್ಲ’ ಎಂದು ಎಲ್ಲರೂ ಸೇರಿ ಷರಾ ಬರೆದಿರುತ್ತಾರೆ. ಉಳಿದೆಲ್ಲ ಕಾಗದ ಎಷ್ಟೇ ಕೊಳೆಯಲಿ, ಅವನ ವರ್ಗಾವಣೆ ಆದೇಶವೊಂದು ಮಾತ್ರ ಸಕಾಲಕ್ಕೆ ಬರುತ್ತದೆ.