ಅಪ್ಪನ ಏರ್‌ಗನ್ನಿಗೆ ಹದಿನಾಲ್ಕು ಪದರ

ಕಳೆದ ಬೇಸಿಗೆ ರಜೆಯಲ್ಲಿ ಜೇವರ್ಗಿ ಕಾಲೋನಿಯ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅಪ್ಪನ ಏರ್‌ಗನ್ ಕೈಗೆ ಸಿಕ್ಕಿತು. ಕೊಳವೆಗೆ ತುಸು ತುಕ್ಕು ಹಿಡಿದಿತ್ತು, ಅಷ್ಟೇ. ಆದರೆ ಮರದ ಹಿಡಿ, ಅಂದರೆ ಕುಂದಾ, ಮುಷ್ಟಿ ಹಿಡಿಯುವ ಜಾಗದಲ್ಲಿ ಸೀಳಿ ಎರಡಾಗಿತ್ತು. ಪಿಯುಸಿ ಮೊದಲ ವರ್ಷ ಮುಗಿಸಿದ್ದ ಮಗಳು ತುಂಡುಗಳನ್ನು ಜೋಡಿಸಿ ನೋಡುತ್ತ, ‘ಅಜ್ಜ ಇದನ್ನ ಹ್ಯಾಂಗ ಮುರದ?’ ಎಂದು ಕೇಳಿದಳು.

ಕಾರಣ ನನಗೆ ಗೊತ್ತಿತ್ತು. ಕಮಲಾಪುರದಲ್ಲಿ ಅಪ್ಪನದು ಚಿಕ್ಕ ಬಾಳೆಯ ತೋಟ. ಆ ಊರಿನ ಕೆಂಪು ಬಾಳೆಯ ರುಚಿ ಮನುಷ್ಯರಷ್ಟೇ ಮಂಗಗಳಿಗೂ ಗೊತ್ತು. ಅವು ಬಂದಾಗ ಅಪ್ಪ ಛರ್ರಾ ಹಾಕದೆ ಬರೀ ಸಪ್ಪಳಕ್ಕೆಂದು ಬಂದೂಕು ಹಾರಿಸುತ್ತಿದ್ದರು. ಆಗ ಬಿಎಸ್‌ಸಿ ಓದುತ್ತಿದ್ದ ನಾನು ಕೂಲಿಯಾಳುಗಳ ಎದುರಿಗೇ ಅವರಿಗೆ ಪಾಠ ಹೇಳಿದ್ದೆ.

ಪಾಠವೇನೋ ಸರಿಯಾಗಿಯೇ ಇತ್ತು. ಕುದುರೆ ಎಳೆದಾಗ ಸ್ಪ್ರಿಂಗ್ ಬಿಚ್ಚಿ ಪಿಸ್ಟನ್ ಮುನ್ನುಗ್ಗುತ್ತದೆ. ಮುಂದಿರುವ ಗಾಳಿ ಒತ್ತಲ್ಪಡುತ್ತದೆ. ಕೊಳವೆಯಲ್ಲಿ ಛರ್ರಾ ಇದ್ದರೆ ಅದು ಕ್ಷಣಮಾತ್ರ ಗಾಳಿಯನ್ನು ತಡೆಯುತ್ತದೆ. ಆ ಗಾಳಿಯೇ ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಛರ್ರಾ ಇಲ್ಲದಿದ್ದರೆ ಗಾಳಿ ಸರಾಗವಾಗಿ ಹೊರಟುಹೋಗಿ ಪಿಸ್ಟನ್ ಕೊನೆಗೆ ಹೋಗಿ ಬಡಿಯುತ್ತದೆ. ಆ ಏಟು ಕಬ್ಬಿಣದಿಂದ ಮರಕ್ಕೆ ಇಳಿಯುತ್ತದೆ. ಇದನ್ನೆಲ್ಲ ಕೇಳಿಸಿಕೊಂಡು ಅಪ್ಪ ಹೇಳಿದ್ದು ಒಂದೇ ಮಾತು: ‘ಬಂದೂಕ ಹಾಳಾದ್ರ ಆಗ್ಲಿ ಬಿಡಪಾ, ಮಂಗ್ಯಾನ ಕಣ್ಣ ಹೋಗಬಾರ್ದು.’

ಆಳುಗಳು ನಕ್ಕರು. ನನಗೆ ಸಿಟ್ಟು ಬಂದಿತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ಈ ಕಥೆ ಕೇಳಿದ ಮಗಳು, ‘ಹಂಗಾದ್ರ ನಾವೇ ಹೊಸ ಕುಂದಾ ಮಾಡೋಣ’ ಎಂದಳು.

ಮುರಿದದ್ದು ಆ ಜಾಗದಲ್ಲೇ ಏಕೆ ಎಂಬುದನ್ನು ಮೊದಲು ನೋಡಿದೆವು. ಮರವೆಂದರೆ ಉದ್ದುದ್ದ ನಾರುಗಳ ಕಟ್ಟು. ನಾರಿನ ಉದ್ದಕ್ಕೆ ಅದು ಬಲು ಗಟ್ಟಿ; ಅಡ್ಡಕ್ಕೆ ಸುಲಭವಾಗಿ ಸೀಳುತ್ತದೆ. ಒಂದೇ ಹಲಗೆಯಿಂದ ಬಾಗಿದ ಹಿಡಿ ಕೊರೆದಾಗ ಮುಷ್ಟಿಯ ಬಳಿ ನಾರುಗಳು ಓರೆಯಾಗಿ ತುಂಡಾಗುತ್ತವೆ. ಅದೇ ಅದರ ದುರ್ಬಲ ಜಾಗ. ಇನ್ನು ಮಳೆಗಾಲದ ತೇವ, ನಮ್ಮ ಊರಿನ ಬೇಸಿಗೆ ಇವೆರಡರ ನಡುವೆ ಮರ ಅಗಲದಲ್ಲಿ ಹಿಗ್ಗಿ ಕುಗ್ಗಿ ಸೊಟ್ಟಗಾಗುತ್ತದೆ. ಇದಕ್ಕೆ ಉಪಾಯ ತೆಳುಪದರಗಳನ್ನು ಅಂಟಿಸುವುದು. ಒಂದು ಪದರ ಎಡಕ್ಕೆ ಬಾಗಹೊರಟರೆ ಮಗ್ಗುಲಿನದನ್ನು ತಿರುಗಿಸಿಟ್ಟಿದ್ದರಿಂದ ಅದು ಬಲಕ್ಕೆ ಎಳೆಯುತ್ತದೆ. ಒಂದು ಪದರದ ಗಂಟು, ಬಿರುಕು ಇನ್ನೊಂದಕ್ಕೆ ದಾಟುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ತಮ್ಮ ಸೈನಿಕರ ರೈಫಲ್‌ಗಳಿಗೆ ಇಂಥ ಪದರದ ಕುಂದಾಗಳನ್ನೇ ಹಾಕಿದ್ದರು. ಇಂಗ್ಲೆಂಡಿನ ಮಾಸ್ಕಿಟೊ ಎಂಬ ಯುದ್ಧವಿಮಾನದ ಮೈಯೂ ಅಂಟಿಸಿದ ಮರದ ಪದರಗಳದೇ.

ಕಮಲಾಪುರದ ಹಳೆಯ ಮನೆಯ ಸಾಗವಾನಿ ಬಾಗಿಲ ಚೌಕಟ್ಟು, ಮುರಿದ ಮಂಚದ ಒಂದು ಬೀಟೆ ಕಾಲು ಸಿಕ್ಕವು. ಸಾಮಿಲ್ಲಿನಲ್ಲಿ ಮೂರು ಮಿಲಿಮೀಟರಿನ ಪಟ್ಟಿಗಳನ್ನು ಸೀಳಿಸಿದೆವು. ಹದಿನಾಲ್ಕು ಪಟ್ಟಿ ಸೇರಿದರೆ 42 ಮಿಲಿಮೀಟರ್ ದಪ್ಪ. ಬಡಗಿಗಳು ಬಳಸುವ ಬಿಳಿ ಅಂಟು ಬಳಿದು, ಕ್ಲಾಂಪು ಬಿಗಿದು, ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿಟ್ಟೆವು. ಮಧ್ಯಾಹ್ನ ಎರಡಕ್ಕೆ ಅಂಚು ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ನಾನು ಕ್ಲಾಂಪಿಗೆ ಕೈ ಹಾಕಿದೆ. ‘ಪಪ್ಪಾ, ನಾಳಿತನಕ ಬಿಡೋಣ’ ಎಂದಳು ಮಗಳು. ಈ ಬಿಸಿಲಿಗೆ ನಾಳೆವರೆಗೆ ಏಕೆ ಎಂದು ಬಿಚ್ಚಿ, ಉಜ್ಜುಗೊರಡು ಹಿಡಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಪದರಗಳು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿದ್ದವು. ‘ನಿನಗ ಕ್ಲಾಂಪು ಬಿಗಿಯಾಕೇ ಬರಲ್ಲ’ ಎಂದು ಅವಳ ಮೇಲೆ ರೇಗಿದೆ. ಅವಳು ಮಾತಾಡದೆ ಒಳಗೆ ಹೋದಳು. ಬಳಿಕ ಒಂದು ಪದರ ಎಬ್ಬಿಸಿ ನೋಡಿದೆ. ನಡುವೆ ಅಂಟು ಇನ್ನೂ ಹಾಲಿನಂತೆ ಬಿಳಿ, ಹಸಿ. ಆ ಅಂಟು ಗಟ್ಟಿಯಾಗುವುದು ಅದರಲ್ಲಿನ ನೀರು ಹೊರಟುಹೋದಾಗ. ಅಂಚಿನ ನೀರು ಬಿಸಿಲಿಗೆ ಹಾರುತ್ತದೆ. ನಡುವಿನದನ್ನು ಮರವೇ ನಿಧಾನವಾಗಿ ಕುಡಿಯಬೇಕು. ಹೊರಗಿನ ಗಟ್ಟಿ ನೋಡಿ ನಾನು ಮೋಸಹೋಗಿದ್ದೆ. ಪ್ರಯೋಗಶಾಲೆಯಲ್ಲಿ ‘ಅವಸರ ಮಾಡಬೇಡಿ’ ಎಂದು ಸಾವಿರ ಸಲ ಹೇಳಿದವನು ನಾನು.

ಅಡುಗೆಮನೆಗೆ ಹೋಗಿ, ‘ತಪ್ಪು ನನ್ನದು’ ಎಂದೆ. ಇಷ್ಟು ಹೇಳುವುದಕ್ಕೆ ಅರ್ಧ ದಿನ ಬೇಕಾಯಿತು. ಅಪ್ಪನಿಗೆ ಆ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಮಗಳು ಕೇಳಿದ್ದು ಮಾತ್ರ, ‘ಮತ್ತ ಯಾವ ಅಂಟು ತರೋಣ?’

ಈ ಸಲ ಎರಡು ಕೊಳವೆಯ ಎಪಾಕ್ಸಿ ತಂದೆವು. ಅದು ಒಣಗುವುದಿಲ್ಲ, ಎರಡು ವಸ್ತುಗಳು ಸೇರಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಶಾಖ ಹೆಚ್ಚಿದಷ್ಟೂ ಕ್ರಿಯೆ ಚುರುಕು. ಹೀಗಾಗಿ ಬಿಸಿಲೇರುವ ಮೊದಲೇ, ನಸುಕಿನ ಐದಕ್ಕೆ ಕೂತೆವು. ಸಾಗವಾನಿಯಲ್ಲಿ ಎಣ್ಣೆಯಂಶವಿದ್ದು ಅಂಟನ್ನು ದೂಡುತ್ತದೆಂದು ಹೊಸ ಪಟ್ಟಿಗಳನ್ನು ಥಿನ್ನರಿನಿಂದ ಒರೆಸಿದೆವು. ಕ್ಲಾಂಪನ್ನು ಯಾವಾಗ ಬಿಚ್ಚಬೇಕೆಂಬ ಅಧಿಕಾರ ಮಗಳದು. ಅವಳು ಎರಡು ದಿನ ಬಿಚ್ಚಗೊಡಲಿಲ್ಲ.

ಆಮೇಲಿನದು ಮೂರು ವಾರಗಳ ಕೆಲಸ. ಬಂದೂಕಿನ ಕಬ್ಬಿಣದ ಭಾಗ ಬಿಚ್ಚುವುದನ್ನು ಬಲ್ಲವರಿಗೇ ಬಿಟ್ಟೆವು. ಒಳಗಿನ ಸ್ಪ್ರಿಂಗ್ ಹುಡುಗಾಟದ್ದಲ್ಲ. ನಮ್ಮದು ಮರದ ಕೆಲಸ ಮಾತ್ರ. ಕಬ್ಬಿಣಕ್ಕೆ ಕಾಡಿಗೆ ಬಳಿದು ತೋಡಿದ ಗೂಡಿನಲ್ಲಿ ಒತ್ತುವುದು, ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಮಾತ್ರ ಉಳಿಯಿಂದ ಕೆರೆಯುವುದು, ಮತ್ತೆ ಒತ್ತುವುದು. ಪರೀಕ್ಷೆಯ ಅಂಕಗಳ ಮಾತು ಆ ಮೂರು ವಾರ ನಮ್ಮ ನಡುವೆ ಬರಲಿಲ್ಲ. ಅಜ್ಜನ ಮಾತು ಮಾತ್ರ ದಿನವೂ ಬಂತು. ಅರಗಿನ ಪಾಲಿಶ್ ಕೊಟ್ಟಾಗ ಸಾಗವಾನಿಯ ಹೊಂಬಣ್ಣ, ಬೀಟೆಯ ಕಪ್ಪು ಗೆರೆ ಬೇರೆಬೇರೆಯಾಗಿ ಎದ್ದು ಕಂಡವು.

ಈಗ ಆ ಏರ್‌ಗನ್ ಕಮಲಾಪುರದ ಮನೆಯ ಗೋಡೆಯ ಮೇಲಿದೆ. ಅದನ್ನು ಹಾರಿಸುವುದಿಲ್ಲ. ಮಂಗಗಳು ಬಂದರೆ ತಮ್ಮ ಹಳೆಯ ಎಣ್ಣೆ ಡಬ್ಬ ಬಡಿಯುತ್ತಾನೆ. ಬಿಚ್ಚಿಕೊಂಡ ಮೊದಲಿನ ಹಲಗೆಯನ್ನು ನಾನು ಶಾಲೆಗೆ ಒಯ್ದು ಮೇಜಿನ ಮೇಲಿಟ್ಟಿದ್ದೇನೆ. ಇದೇನು ಸರ್ ಎಂದು ಮಕ್ಕಳು ಕೇಳುತ್ತಾರೆ. ಮೊದಲು ಅಂಟಿನ ವಿಷಯ ಹೇಳುತ್ತೇನೆ. ಯಾರು ಅವಸರ ಮಾಡಿದರು, ಯಾರು ಬೈಸಿಕೊಂಡರು ಎಂಬುದನ್ನೂ ಹೇಳುತ್ತೇನೆ.