ನಮ್ಮ ಅಂಕೋಲೆಯಲ್ಲಿ ನೋಡುವುದೇನಿದೆ?

ಮದುವೆಯಾಗಿ ಘಟ್ಟ ಹತ್ತಿದ ಕರಾವಳಿಯ ಹೆಣ್ಣುಮಕ್ಕಳಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. “ನಿಮ್ಮೂರಾಗ ನೋಡಾಕ ಏನೈತಿ?” ಗೋಕರ್ಣದವಳಾದರೆ ಮಹಾಬಲೇಶ್ವರನ ಹೆಸರು ಹೇಳಿ ಗೆಲ್ಲಬಹುದು. ಮುರುಡೇಶ್ವರದವಳಿಗೆ ಆಕಾಶದೆತ್ತರದ ಶಿವನಿದ್ದಾನೆ. ಕಾರವಾರದವರಿಗಂತೂ ಸಾಕ್ಷಾತ್ ರವೀಂದ್ರನಾಥ ಠಾಕೂರರೇ ಬಂದುಹೋದ ಹೆಮ್ಮೆ. ನನ್ನ ತವರು ಅಂಕೋಲೆ. ಹುಬ್ಬಳ್ಳಿಯ ನನ್ನ ಓರಗಿತ್ತಿಯ ಪ್ರಕಾರ ಅದು ಊರೇ ಅಲ್ಲ, ಗೋಕರ್ಣಕ್ಕೆ ಹೋಗುವಾಗ ಬಸ್ಸು ಚಹಾಕ್ಕೆ ನಿಲ್ಲುವ ಜಾಗ!

ಅವಳನ್ನು ದೂರುವಂತಿಲ್ಲ. ಯಲ್ಲಾಪುರ ದಾಟಿ, ಅರಬೈಲ್ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಇಳಿದವಳಿಗೆ ಬಸ್ ನಿಲ್ದಾಣದಿಂದ ಸಮುದ್ರವೂ ಕಾಣಿಸುವುದಿಲ್ಲ. ಕಾಣಿಸುವುದು ಬೆವರು ಮಾತ್ರ. (ಹುಬ್ಬಳ್ಳಿ–ಅಂಕೋಲಾ ರೈಲು ಬಂದರೆ ಆರಾಮವಾಗುತ್ತದೆಂದು ನಾವು ಹೇಳುತ್ತಲೇ ಇದ್ದೇವೆ. ಆ ಹಳಿ ಇನ್ನೂ ಕಾಗದದ ಮೇಲಿಂದ ಇಳಿದಿಲ್ಲ.) ಜಲಪಾತವೇ ಬೇಕೆಂದರೆ ಮಾಬಗಿಯ ವಿಭೂತಿ ಜಲಪಾತ ನಮ್ಮ ತಾಲೂಕಿನದೇ, ಮಳೆ ಮುಗಿದ ಮೇಲೆ ಹೋಗಿಬನ್ನಿ. ಆದರೆ ನನ್ನನ್ನು ಕೇಳಿದರೆ ಮೊದಲು ಪೇಟೆಗೆ ಕರೆದೊಯ್ಯುತ್ತೇನೆ.

ಬೆಳಗಿನ ಪೇಟೆಯೆಂದರೆ ನಮ್ಮಲ್ಲಿ ಹೆಂಗಸರದೇ ರಾಜ್ಯ. ಒಂದು ಕಡೆ ಮೀನು ಮಾರುವವರು. ಬಂಗುಡೆ, ತಾರ್ಲೆ, ನೊಗ್ಲಿ, ಶೆಟ್ಲಿ ಎಲ್ಲ ಪಾಲು ಪಾಲಾಗಿ ಹರವಿರುತ್ತದೆ. ಇವರ ಹತ್ತಿರ ಚೌಕಾಸಿ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಹೊಳೆ ಮೀನು, ಇಲ್ಲದಿದ್ದರೆ ಒಣಮೀನು, ಅದೂ ಬೇಡವೆಂದರೆ ಮುರುಗಲ ಸಾರು. ಇನ್ನೊಂದು ಕಡೆ ಹಾಲಕ್ಕಿ ಒಕ್ಕಲು ಹೆಂಗಸರು, ಕುತ್ತಿಗೆ ತುಂಬ ಮಣಿಸರದ ಹೊರೆ, ಎದುರಿಗೆ ಬುಟ್ಟಿಯಲ್ಲಿ ತಾವೇ ಬೆಳೆದ ಬಸಲೆ, ಹರಿವೆ, ಗೆಣಸು. ಚಿಕ್ಕವಳಿದ್ದಾಗ ಆ ಮಣಿಗಳನ್ನು ಎಣಿಸಲು ಹೋಗಿ ಅಮ್ಮನ ಕೈಯಿಂದ ಎಷ್ಟು ಸಲ ಜಗ್ಗಿಸಿಕೊಂಡಿದ್ದೇನೋ.

ಮೇ ತಿಂಗಳಾದರೆ ಆ ಬುಟ್ಟಿಗಳಲ್ಲಿ ಕರಿ ಇಶಾಡು ಬರುತ್ತದೆ. ಆಪೂಸು ತಿಂದು ಮಾವಿನಹಣ್ಣೆಂದರೆ ಇದೇ ಎಂದು ತೀರ್ಮಾನಿಸಿದವರು ದಯವಿಟ್ಟು ಸ್ವಲ್ಪ ತಡೆಯಿರಿ. ಇಶಾಡಿನಲ್ಲಿ ಕರಿ, ಬಿಳಿ ಎಂದು ಎರಡು ಬಗೆ. ಬಿಳಿಯದರ ಸಿಪ್ಪೆ ದಪ್ಪ, ಸಿಹಿಯೂ ಕಡಿಮೆ. ಕರಿಯದರ ಸಿಪ್ಪೆ ತೆಳು, ಒಳಗೆಲ್ಲ ತಿರುಳೇ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಪತ್ರಿಕೆಯ ಆ ತುಣುಕನ್ನು ಕತ್ತರಿಸಿ ಓರಗಿತ್ತಿಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಂದೆ. ಹಣ್ಣನ್ನು ಕತ್ತರಿಸಬೇಡಿ, ಮೆತ್ತಗೆ ಹಿಸುಕಿ ತೊಟ್ಟಿನ ಕಡೆಯಿಂದ ಹೀರಿ. ರಸ ಮೊಣಕೈವರೆಗೆ ಇಳಿಯುತ್ತದೆ, ಆದ್ದರಿಂದ ಹಳೆಯ ಸೀರೆ ಉಟ್ಟಿದ್ದರೆ ಒಳ್ಳೆಯದು.

ಆ ಮಣಿಸರದ ಹೆಂಗಸರಲ್ಲಿ ಇಬ್ಬರು ದಿಲ್ಲಿಯವರೆಗೆ ಹೋದದ್ದು ನಿಮಗೆ ಗೊತ್ತಿದ್ದೀತು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತಮ್ಮವರ ಹಾಡುಗಳನ್ನೆಲ್ಲ ಎದೆಯಲ್ಲಿಟ್ಟುಕೊಂಡವರು. ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ನಿಂತವರೂ ಅವರೇ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಲೇ ಬದುಕು ಕಳೆದವರು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತುಳಸಜ್ಜಿ ಹೋದರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ. ಎರಡು ತಿಂಗಳ ಅಂತರ! ಹಾಲಕ್ಕಿಗಳ ಸುಗ್ಗಿ ಕುಣಿತ ಹೋಳಿಯ ಹೊತ್ತಿಗೆ ಈಗಲೂ ಬರುತ್ತದೆ. ಕೇರಿಯ ಹುಡುಗಿಯರಿಗೆ ಅಜ್ಜಿಯ ಹಾಡು ಎಷ್ಟು ಬರುತ್ತದೆ ಎಂದು ಮಾತ್ರ ನಾನು ಕೇಳಲು ಹೋಗುವುದಿಲ್ಲ. ನನ್ನ ಮಗಳಿಗೇ ನನ್ನ ಅಮ್ಮನ ಹಾಡು ಒಂದೂ ಬಾರದು.

ಇತಿಹಾಸ ಬೇಕೆನ್ನುವವರಿಗೆ ಉಪ್ಪಿದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಎಷ್ಟೋ ಮನೆಗಳವರು ಗದ್ದೆ ಕಳೆದುಕೊಂಡರು. ಕರ್ನಾಟಕದ ಬಾರ್ಡೋಲಿ ಎಂಬ ಬಿರುದು ನಮಗೆ ಪುಕ್ಕಟೆಯಾಗಿ ಬಂದದ್ದಲ್ಲ.

ಅಂಕೋಲೆಯಿಂದ ಗೋಕರ್ಣಕ್ಕೆ ಹೋಗುವ ಹಾದಿಯಲ್ಲಿ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜರಿದು, ಹೆದ್ದಾರಿ ಬದಿಯ ಚಹಾದಂಗಡಿಯ ಸಂಸಾರವನ್ನೂ ನಿಂತಿದ್ದ ಲಾರಿಯನ್ನೂ ಗಂಗಾವಳಿಗೆ ನೂಕಿತು. ಆ ಲಾರಿಯೂ ಕೇರಳದ ಅದರ ಚಾಲಕನ ದೇಹವೂ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಬಸ್ಸು ಅಲ್ಲಿಗೆ ಬಂದಾಗ ಈಗಲೂ ಒಳಗಿನ ಮಾತು ನಿಲ್ಲುತ್ತದೆ. ಕಿಟಕಿಯಿಂದ ಫೋಟೋ ತೆಗೆಯುವವರೂ ಇರುತ್ತಾರೆ, ಅವರಿಗೇನು ಹೇಳುವುದು.

ಇನ್ನು ಸಮುದ್ರ. ಪೇಟೆಯಿಂದ ಸ್ವಲ್ಪ ದೂರದ ಕೇಣಿಯಲ್ಲಿ ಕುರ್ಚಿ, ಕೊಡೆ, ಎಳನೀರಿನ ಸಾಲು ಏನೂ ಇಲ್ಲ. ಮರಳ ಮೇಲೆ ದೋಣಿ, ಬಲೆ, ಒಣಹಾಕಿದ ಮೀನು, ಅದನ್ನು ಕಾಯುವ ಹೆಂಗಸರು, ಅವರನ್ನು ಕಾಯುವ ಕಾಗೆಗಳು. ಅಲ್ಲಿಗೆ ದೊಡ್ಡ ವಾಣಿಜ್ಯ ಬಂದರು ತರುವ ಯೋಜನೆಯಾಗಿದೆ. 2025ರಲ್ಲಿ ಮೀನುಗಾರರು ಅದು ಬೇಡವೆಂದು ಬೀದಿಗಿಳಿದರು, ಹೆಂಗಸರೂ ಮುಂದಿದ್ದರು. ಬಂದರು ಬಂದರೆ ಹುಡುಗರಿಗೆ ಕೆಲಸ ಸಿಗುತ್ತದೆ ಎನ್ನುವವರೂ ಊರಲ್ಲಿದ್ದಾರೆ. ಕೆಲಸಕ್ಕೆಂದು ಊರು ಬಿಟ್ಟ ತಮ್ಮನಿರುವ ನನಗೆ ಆ ಮಾತು ಸುಳ್ಳೆನ್ನಲಾಗುವುದಿಲ್ಲ. ನಮ್ಮ ಮನೆಗೆ ವರ್ಷಗಟ್ಟಲೆ ಮೀನು ಕೊಡುತ್ತ ಬಂದ ಕೇಣಿಯ ಹೆಂಗಸೊಬ್ಬಳಿದ್ದಾಳೆ. ಕಳೆದ ಸಲ ಬುಟ್ಟಿ ಇಳಿಸುತ್ತ ಕೇಳಿದಳು, “ಗಂಡುಮಕ್ಕಳಿಗೆ ಕೆಲಸ ಕೊಡ್ತ್ರಂತೆ. ಬುಟ್ಟಿ ಹೊರುವ ನಮಗೆ ಎಂತ ಕೊಡ್ತ್ರು ತಂಗಿ?” ಅಮ್ಮ ಉತ್ತರಿಸದೆ ಮೀನಿಗೆ ಪಾತ್ರೆ ತರಲು ಒಳಗೆ ಹೋದಳು.

ನಮ್ಮೂರಿಗೆ ಬರುವುದಾದರೆ ಕೇಣಿಯನ್ನು ಸಂಜೆಗೆ ಇಟ್ಟುಕೊಳ್ಳಬೇಡಿ. ಸೂರ್ಯಾಸ್ತ ಎಲ್ಲಿ ಬೇಕಾದರೂ ಸಿಗುತ್ತದೆ. ಬೆಳಿಗ್ಗೆ ದೋಣಿ ದಡಕ್ಕೆ ಬರುವ ಹೊತ್ತಿಗೆ ಹೋಗಿ, ಕೈಯಲ್ಲೊಂದು ಚೀಲ ಇರಲಿ. ಚಿಲ್ಲರೆಯನ್ನೂ ಮರೆಯಬೇಡಿ, ಅಷ್ಟು ಬೆಳಿಗ್ಗೆ ಅವರ ಹತ್ತಿರ ಇರುವುದಿಲ್ಲ.