ಭದ್ರೆಯ ದಂಡೆಯಿಂದ ನೇತ್ರಾಣಿಯ ತಳಕ್ಕೆ

ಭದ್ರಾವತಿಯ ಓಲ್ಡ್ ಟೌನ್ ಪಕ್ಕದಲ್ಲೇ ಹರಿಯುವ ಭದ್ರೆಗೆ ಅರಬ್ಬೀ ಸಮುದ್ರದ ಪರಿಚಯವಿಲ್ಲ. ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಮುಂದೆ ಕೃಷ್ಣೆಯೊಡನೆ ಬೆರೆತು ಅವಳು ತಲಪುವುದು ಪೂರ್ವದ ಬಂಗಾಳ ಕೊಲ್ಲಿಯನ್ನು. ಲಕ್ಷ್ಮೀನರಸಿಂಹ ದೇವಾಲಯದ ಆಸುಪಾಸಿನ ಮಕ್ಕಳಿಗೆ ಹತ್ತಿರದ ಕಡಲು ಬೇಕೆನಿಸಿದರೆ ನದಿಯ ಜೊತೆ ಹೋಗುವಂತಿಲ್ಲ. ಪಶ್ಚಿಮಕ್ಕೆ ಮುಖ ಮಾಡಬೇಕು. ಶಿವಮೊಗ್ಗ, ಸಾಗರ, ತಾಳಗುಪ್ಪ, ಮಾವಿನಗುಂಡಿ ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು ಹೊನ್ನಾವರ ಸೇರಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಮುರುಡೇಶ್ವರ. ಒಟ್ಟು ಸುಮಾರು 200 ಕಿಲೋಮೀಟರ್ ದಾರಿ.

ಹಿಂದೆಲ್ಲ ಈ ದಾರಿ ಹಿಡಿದವರು ಜೋಗ ನೋಡಿ, ಮುರುಡೇಶ್ವರದ 123 ಅಡಿಯ ಶಿವನ ಮುಂದೆ ಫೋಟೋ ತೆಗೆಸಿಕೊಂಡು ಹಿಂತಿರುಗುತ್ತಿದ್ದರು. ಈಗ ರಜೆ ಸೇರಿಕೊಂಡ ಶನಿವಾರ, ಭಾನುವಾರಗಳಂದು ಕಡಲದಡಕ್ಕೆ ಬರುವ ಕಾಲೇಜು ಹುಡುಗ ಹುಡುಗಿಯರಲ್ಲಿ ಹಲವರ ಗುರಿಯೇ ಬೇರೆ: ನೇತ್ರಾಣಿಯ ನೀರಿನಡಿಗೆ ಇಳಿಯುವುದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲೇ ಮುಳುಗಿದ್ದನ್ನು ಕಂಡ ಮೇಲೆ ಈ ಹೆಸರು ಮನೆಮಾತಾಯಿತು. ಆದರೆ ‘ಹೊಳೆಯ ಹತ್ತಿರ ಹೋಗಬೇಡ’ ಎಂದು ಮಕ್ಕಳನ್ನು ಬೆಳೆಸಿದ ಮನೆಗಳಲ್ಲಿ ಒಪ್ಪಿಗೆ ಸುಲಭಕ್ಕೆ ಸಿಗುವುದಿಲ್ಲ. ಈಜು ಬಾರದ ಹುಡುಗ ಸಮುದ್ರದಲ್ಲಿ ಹತ್ತು ಮೀಟರ್ ಆಳಕ್ಕೆ ಇಳಿಯುವುದೇ? ಅಮ್ಮನ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಪುಟ್ಟ ಬಂಡೆಗಲ್ಲಿನ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಪಾರಿವಾಳ ಗುಡ್ಡ ಎಂಬ ಹೆಸರೂ ಇದಕ್ಕಿದೆ. ಹಿಂದೆ ನೌಕಾಪಡೆಯವರು ಇದನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದರೆಂದರೆ ಈಗಿನ ಮಕ್ಕಳು ನಂಬಲಾರರು. ಬಿಳಿಹೊಟ್ಟೆಯ ಕಡಲ ಹದ್ದಿಗೆ ಇದು ಆಶ್ರಯ. ದೋಣಿಯಲ್ಲಿ ಒಂದು ಒಂದೂವರೆ ಗಂಟೆಯ ಪಯಣ. ಅಲೆ ಜೋರಾಗಿದ್ದರೆ ಬೆಳಗಿನ ಇಡ್ಲಿ ಹೊಟ್ಟೆಯಲ್ಲಿ ನಿಲ್ಲುವುದು ಕಷ್ಟ. ದ್ವೀಪದ ಬಳಿ ಲಂಗರು ಹಾಕಿದ ದೋಣಿಯಿಂದಲೇ ನೀರಿಗೆ ಇಳಿಯುತ್ತಾರೆ. ಕೆಳಗೆ ಹವಳ, ಚಿಟ್ಟೆ ಮೀನು, ಗಿಳಿ ಮೀನು, ಅದೃಷ್ಟವಿದ್ದರೆ ಕಡಲಾಮೆ.

ಇಲ್ಲಿ ‘ಸ್ಕೂಬಾ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ತಂದೆತಾಯಿಗಳು ಇದನ್ನು ಮೊದಲು ಅರಿಯಬೇಕು. ಒಂದು, ರುಚಿ ನೋಡುವ ಡೈವ್. ಸ್ವಲ್ಪ ಹೊತ್ತಿನ ತಿಳಿವಳಿಕೆಯ ನಂತರ ತರಬೇತುದಾರ ಕೈ ಹಿಡಿದು ಇಳಿಸುತ್ತಾನೆ, 12 ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ. ಈಜು ಬಾರದವರೂ ಇದನ್ನು ಮಾಡುವುದುಂಟು. ಇನ್ನೊಂದು, ನಿಜವಾದ ತರಬೇತಿ. ಪ್ಯಾಡಿ ಮುಂತಾದ ಅಂತರರಾಷ್ಟ್ರೀಯ ಸಂಸ್ಥೆಗಳ ಮೊದಲ ಹಂತದ ಈ ಕೋರ್ಸಿಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. ಮೊದಲು ಪಾಠ, ಆಮೇಲೆ ಈಜುಕೊಳದಂಥ ತಿಳಿ ನೀರಿನಲ್ಲಿ ಅಭ್ಯಾಸ, ಕೊನೆಗೆ ಸಮುದ್ರದಲ್ಲಿ ನಾಲ್ಕು ಡೈವ್. ಪ್ಯಾಡಿಯ ಕೋರ್ಸಿನಲ್ಲಿ 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ಉತ್ತೀರ್ಣರಾದ ವಯಸ್ಕರು ಜೊತೆಗಾರರೊಂದಿಗೆ 18 ಮೀಟರ್‌ವರೆಗೆ ಹೋಗಬಹುದು. ಅಸ್ತಮಾ, ಹೃದಯದ ತೊಂದರೆ, ಕಿವಿ ಸೋರುವಿಕೆ ಇದ್ದವರು ವೈದ್ಯರನ್ನು ಕಾಣದೆ ಇಳಿಯಬಾರದು. ನೆಗಡಿಯಾಗಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗದೆ ಮೊದಲ ಮೂರು ಮೀಟರಿನಲ್ಲೇ ನೋವು ಶುರುವಾಗುತ್ತದೆ. ದುಡ್ಡು ಕಟ್ಟಿಯಾಗಿದೆ ಎಂಬ ಕಾರಣಕ್ಕೆ ನೆಗಡಿಯನ್ನು ಮುಚ್ಚಿಡುವ ಹುಡುಗರಿಗೇನೂ ಕಡಿಮೆಯಿಲ್ಲ.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸಾಮಾನ್ಯ ಗಾಳಿಯೇ. ಒತ್ತಿ ಒತ್ತಿ ತುಂಬಿದ್ದು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಎರಡು ಗಂಟೆಗೆ ಸಾಕು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. 10 ಮೀಟರಿನಲ್ಲಿ ಒತ್ತಡ ಇಮ್ಮಡಿ, ಹಾಗಾಗಿ ಅದೇ ಗಾಳಿ ಒಂದು ಗಂಟೆಗೆ ಮಾತ್ರ. 20 ಮೀಟರಿನಲ್ಲಿ 40 ನಿಮಿಷ. ಹೆದರಿ ಏದುಸಿರು ಬಿಡುವವನಿಗೆ ಅದಕ್ಕಿಂತಲೂ ಕಡಿಮೆ. ಪಠ್ಯಪುಸ್ತಕದಲ್ಲಿ ಎರಡು ಅಂಕಕ್ಕೆ ಕಂಠಪಾಠ ಮಾಡುವ ಬಾಯ್ಲ್‌ನ ನಿಯಮ ಇದೇ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ್ದು. ಬೇಕಾದಷ್ಟೇ ಗಾಳಿಯನ್ನು ಸುತ್ತಲಿನ ಒತ್ತಡಕ್ಕೆ ಸರಿಹೊಂದಿಸಿ ಬಾಯಿಗೆ ಕೊಡುವ ರೆಗ್ಯುಲೇಟರನ್ನು ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾ 1943ರಲ್ಲಿ ರೂಪಿಸಿದರು.

ಈ ನಿಯಮದಿಂದಲೇ ತರಬೇತಿಯ ಮೊದಲ ಆಜ್ಞೆ ಹುಟ್ಟುತ್ತದೆ: ಎಂದೂ ಉಸಿರು ಕಟ್ಟಬೇಡ. ಹೊಳೆಯಲ್ಲಿ ಮುಳುಗುಹಾಕಿ ಬೆಳೆದ ಹುಡುಗರಿಗೆ ಇದೇ ಕಷ್ಟ, ಯಾಕೆಂದರೆ ನೀರಿಗಿಳಿದೊಡನೆ ಉಸಿರು ಬಿಗಿಹಿಡಿಯುವುದು ಅವರ ಅಭ್ಯಾಸ. 10 ಮೀಟರಿನಲ್ಲಿ ಶ್ವಾಸಕೋಶ ತುಂಬಿಕೊಂಡು, ಬಾಯಿ ಮುಚ್ಚಿ ಮೇಲೆ ಬಂದರೆ ಒಳಗಿನ ಗಾಳಿ ಎರಡರಷ್ಟಾಗಲು ನೋಡುತ್ತದೆ. ಹೋಗಲು ಜಾಗವಿಲ್ಲದೆ ಶ್ವಾಸಕೋಶವನ್ನೇ ಹರಿಯಬಹುದು. ಒಂದೆರಡು ಮೀಟರ್ ಆಳದಿಂದಲೂ ಈ ಅಪಾಯ ಉಂಟು. ಮೇಲೇರುವಾಗ ಅವಸರ ಸಲ್ಲದೆಂಬುದಕ್ಕೆ ಇನ್ನೊಂದು ಕಾರಣ ಸಾರಜನಕ. ಒತ್ತಡದಲ್ಲಿ ಅದು ರಕ್ತದಲ್ಲಿ ಕರಗಿ ಕೂತಿರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಉಕ್ಕುವಂತೆ ಗುಳ್ಳೆಯಾಗಬಾರದೆಂದು ನಿಧಾನವಾಗಿ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸುತ್ತಾರೆ.

ನೀರಿನಡಿ ಮಾತಿಲ್ಲ, ಸನ್ನೆಯೇ ಎಲ್ಲ. ಹೆಬ್ಬೆರಳು ಎತ್ತಿದರೆ ದಡದಲ್ಲಿ ‘ಭೇಷ್’, ಕೆಳಗೆ ‘ಮೇಲೆ ಹೋಗೋಣ’. ಖುಷಿಯಲ್ಲಿ ಹೆಬ್ಬೆರಳು ತೋರಿಸಿದ ಹುಡುಗಿಯನ್ನು ತರಬೇತುದಾರ ತಕ್ಷಣ ಮೇಲಕ್ಕೆ ಕರೆತಂದರೆ ತಪ್ಪು ಅವನದಲ್ಲ.

ಇಷ್ಟೆಲ್ಲ ಕಟ್ಟುಪಾಡು ದೋಣಿ ಹತ್ತಿದವರಿಗೆ. ದಡದಲ್ಲಿ ಉಳಿದವರಿಗೆ? 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲತೀರದಲ್ಲಿ ಅಲೆಗಳ ಪಾಲಾದರು. ಕೆಲಕಾಲ ತೀರವನ್ನು ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಸಮುದ್ರದ ದಂಡೆಯಲ್ಲಿ ಸೊಂಟದಷ್ಟು ನೀರೂ ಸಾಕು. ಅಲೆಗಳು ತಂದು ಸುರಿದ ನೀರು ಕೆಲವೆಡೆ ಕಿರಿದಾದ ಕಾಲುವೆಯಂತೆ ಒಳಕ್ಕೆ ಹಿಂದಿರುಗುತ್ತದೆ. ಅಲ್ಲಿ ಅಲೆ ಕಡಿಮೆ, ಹಾಗಾಗಿ ಹೊಸಬರಿಗೆ ಅದೇ ಒಳ್ಳೆಯ ಜಾಗವೆಂದು ತೋರುತ್ತದೆ. ಸಿಕ್ಕಿಕೊಂಡವನು ನೇರ ದಡಕ್ಕೆ ಈಜಲು ಹೋಗಿ ದಣಿಯುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳೆತದಿಂದ ಹೊರಬೀಳಬಹುದು. ಕೈ ಹಿಡಿದು ಹತ್ತು ಮೀಟರ್ ಆಳಕ್ಕೆ ಇಳಿಸುವ ಡೈವಿಗೆ ಹತ್ತಾರು ಪ್ರಶ್ನೆ ಕೇಳುವ ಮನೆಯವರು, ‘ದಡದಲ್ಲಿ ಸ್ವಲ್ಪ ಆಡಿಕೊಂಡು ಬನ್ನಿ’ ಎನ್ನುವಾಗ ಜೀವರಕ್ಷಕರಿದ್ದಾರೆಯೇ ಎಂದು ಕೇಳುವುದೇ ಇಲ್ಲ.

ಮಲೆನಾಡಿನವರಿಗೆ ಮಾತ್ರ ಸಂಬಂಧಿಸಿದ ಒಂದು ಸಂಗತಿಯೂ ಇದೆ. ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು 12ರಿಂದ 18 ಗಂಟೆ ಕಾಯಬೇಕೆಂಬುದು ಸಾಮಾನ್ಯ ಸಲಹೆ. ಈ ಎಚ್ಚರಿಕೆ ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತದೆ. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ, ಅಂದರೆ ಗಡಿಯ ಹತ್ತಿರವೇ. ಆದ್ದರಿಂದ ಭಾನುವಾರ ಮಧ್ಯಾಹ್ನ ನೀರಿನಿಂದೆದ್ದು ರಾತ್ರಿಯೊಳಗೆ ಘಟ್ಟ ಹತ್ತುವ ಬದಲು, ಡೈವ್‌ಗಳನ್ನು ಶನಿವಾರಕ್ಕೆ ಮುಗಿಸಿ ಒಂದು ರಾತ್ರಿ ಕಡಲ ಮಗ್ಗುಲಲ್ಲೇ ತಂಗುವುದು ಲೇಸು.

ಜೂನ್‌ನಲ್ಲಿ ಮಳೆ ಹಿಡಿದರೆ ನೇತ್ರಾಣಿಯ ಡೈವಿಂಗ್ ನಿಲ್ಲುತ್ತದೆ. ಮತ್ತೆ ಕಡಲು ತಿಳಿಯಾಗುವುದು ಅಕ್ಟೋಬರ್ ಹೊತ್ತಿಗೆ. ಈಜುಕೊಳದಲ್ಲಿ 200 ಮೀಟರ್ ಈಜಲು ಕಲಿಯುವವರಿಗೆ ನಡುವಿನ ಆ ನಾಲ್ಕು ತಿಂಗಳು ಧಾರಾಳ ಸಾಕು.